ತಾನಾಗೇ ನಂಬರು ಬೀಳುವ ಆಫೀಸು

ಸಾಫ್ಟ್‌ವೇರ್ ಕೆಲಸ ಅಂದರೆ ತಣ್ಣಗಿನ ಗಾಜಿನ ಕೋಣೆ, ಮಾತಿಲ್ಲ ಕತೆಯಿಲ್ಲ, ಕಂಪ್ಯೂಟರಿನ ಮುಂದೆ ಕಲ್ಲಿನಂತೆ ಕೂತ ಜನ ಅಂತ ನಮ್ಮ ನೆಂಟರೆಲ್ಲ ತಿಳಿದುಕೊಂಡಿದ್ದಾರೆ. ಅವರು ಒಂದು ದಿನ ನಮ್ಮ ಆಫೀಸಿಗೆ ಬಂದು ಕೂತು ಹೋಗಬೇಕು. ಚಿತ್ರದುರ್ಗದಲ್ಲಿ ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಾವಿರುವುದು ಮೂರೇ ಜನ. ಹಾಲಿನ ಡೈರಿ, ಕೊಬ್ಬರಿ ಮಂಡಿ, ರೈಸ್ ಮಿಲ್ಲುಗಳಿಗೆ ತೂಕ ಹಿಡಿದು ಚೀಟಿ ಕೊಡುವ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಕೋಡು ಬರೆಯುವುದು ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ಬರುವ ನಮ್ಮ ಎಂಜಿನಿಯರು. ಗಿರಾಕಿಗಳ ಫೋನು ಎತ್ತಿ ಸಮಾಧಾನ ಹೇಳುವುದು ನಾನು. ನಮ್ಮಿಬ್ಬರನ್ನೂ ಬೈಯುವುದು ಯಜಮಾನರು.

ಸಾಫ್ಟ್‌ವೇರಿನಲ್ಲಿ ಏನಾದರೂ ತಿದ್ದಿ ಹೊಸದಾಗಿ ಕೊಟ್ಟಾಗಲೆಲ್ಲ ಅದಕ್ಕೊಂದು ನಂಬರು ಹಾಕಬೇಕು. 2.6.1 ಅನ್ನೋ ಥರ. ನಂಬರಿಗೆ ವರ್ಷನ್ ಅಂತಲೂ, ಅದನ್ನು ಅಂಟಿಸುವುದಕ್ಕೆ ಟ್ಯಾಗ್ ಹಾಕುವುದು ಅಂತಲೂ ನಾವು ಹೇಳುತ್ತೇವೆ. ಇಷ್ಟು ಸಣ್ಣ ವಿಷಯದಲ್ಲಿ ನಗುವಂಥದ್ದು ಏನಿರುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಆದರೆ ನಮ್ಮ ಆಫೀಸಿನಲ್ಲಿ ಮಳೆ ತಪ್ಪಿದರೂ ಇದು ತಪ್ಪುವುದಿಲ್ಲ.

ಬೀಗರಿಬ್ಬರ ನಂಬರು

ಮೊದಲು ನಂಬರನ್ನು ನಾವೇ ಕೈಯಿಂದ ಹಾಕುತ್ತಿದ್ದೆವು. ಎಂಜಿನಿಯರು ಒಂದು ಹಾಕುತ್ತಿದ್ದ. ಅವನು ರಜೆಯಲ್ಲಿದ್ದರೆ ಯಜಮಾನರು ಒಂದು ಹಾಕುತ್ತಿದ್ದರು. ಹಿಂದಿನದು ಎಷ್ಟಿತ್ತು ಅಂತ ಒಬ್ಬರನ್ನೊಬ್ಬರು ಕೇಳುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ.

ಹೀಗಾಗಿ ಒಂದು ಸಲ ಹಿರಿಯೂರು ಹತ್ತಿರ ಬಬ್ಬೂರಿನ ಕೊಬ್ಬರಿ ವ್ಯಾಪಾರಿಗೂ 2.6 ಹೋಯಿತು, ಹೊಸದುರ್ಗದ ಕೊಬ್ಬರಿ ಮಂಡಿಯವರಿಗೂ 2.6 ಹೋಯಿತು. ನಂಬರು ಒಂದೇ, ಒಳಗಿನ ಸಾಮಾನು ಬೇರೆ. ಹೊಸದುರ್ಗದವರಿಗೆ ಹೋಗಿದ್ದರಲ್ಲಿ ಚೀಟಿ ಕನ್ನಡದಲ್ಲಿ ಬರುತ್ತಿತ್ತು. ಬಬ್ಬೂರಿನವರದ್ದು ಇನ್ನೂ ಇಂಗ್ಲಿಷಿನಲ್ಲೇ ಇತ್ತು.

ಅಷ್ಟು ದೂರದ ಎರಡು ಊರು, ಯಾರಿಗೆ ಗೊತ್ತಾಗಬೇಕು ಅಂತ ನಾವಿದ್ದೆವು. ಅವರಿಬ್ಬರೂ ಬೀಗರು ಅನ್ನುವುದು ನಮಗೆ ಗೊತ್ತಿರಲಿಲ್ಲ. ಬಬ್ಬೂರಿನವರ ಮಗಳನ್ನು ಹೊಸದುರ್ಗದವರ ಮಗನಿಗೆ ಕೊಟ್ಟಿದ್ದರು. ಮೊಮ್ಮಗನ ನಾಮಕರಣದ ದಿನ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಾಗ ವ್ಯಾಪಾರದ ಮಾತು ಬಂತಂತೆ. ಹೊಸದುರ್ಗದವರು ಜೇಬಿನಿಂದ ಒಂದು ಚೀಟಿ ತೆಗೆದು ತೋರಿಸಿದರಂತೆ.

"ನೋಡ್ರಿ ಬೀಗ್ರೆ, ಈಗ ಎಲ್ಲಾ ಕನ್ನಡದಾಗೇ ಬರ್ತೈತೆ. ರೈತ್ರು ಓದ್ಕಂಡು ಖುಷಿಯಾಗಿ ಹೋಗ್ತಾರೆ."

"ನಿಮ್ದು ಯಾವ ನಂಬರು?"

"ಎರಡು ಪಾಯಿಂಟ್ ಆರು."

"ನಂದೂ ಅದೇಯ," ಅಂದರಂತೆ ಬಬ್ಬೂರಿನವರು. ಮಾರನೇ ದಿನ ಬೆಳಿಗ್ಗೆ ನಾನು ಆಫೀಸಿನ ಬೀಗ ತೆಗೆಯುವುದಕ್ಕೂ ಅವರ ಫೋನು ಬರುವುದಕ್ಕೂ ಸರಿಹೋಯಿತು.

"ಮೇಡಂ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡ್ರಿ. ನಮ್ಮ ಬೀಗರಿಗೂ ಎರಡು ಪಾಯಿಂಟ್ ಆರು, ನಮಗೂ ಎರಡು ಪಾಯಿಂಟ್ ಆರು. ಅವ್ರಿಗೆ ಕನ್ನಡ, ನಮಗೆ ಇಂಗ್ಲೀಷು. ಯಾಕೆ?"

"ನಂಬರ್ ಹಾಕೋದ್ರಲ್ಲಿ ಒಂಚೂರು ಹೆಚ್ಚುಕಡಿಮೆ ಆಗಿದೆ ಸಾರ್. ಇವತ್ತೇ ಸರಿ ಮಾಡ್ಕೊಡ್ತೀವಿ."

"ಹೆಚ್ಚುಕಡಿಮೆ ಅಂದ್ರೆ ಅವ್ರು ಹೆಚ್ಚು, ನಾವು ಕಡಿಮೆ. ಅಷ್ಟೇ ತಾನೆ? ಹೆಣ್ಣಿನ ಕಡೆಯೋರನ್ನ ಮದುವೆ ಮನೇಲಿ ಸಸಾರ ಮಾಡೋದು ನೋಡಿದ್ದೆ ಮೇಡಂ. ಕಂಪ್ಯೂಟರ್‌ನಾಗೂ ಮಾಡ್ತಾರೆ ಅಂತ ನೆನ್ನೆ ಗೊತ್ತಾತು."

ಬ್ರೇಕಿಂಗ್

ಆ ಫೋನು ಆದ ಮೇಲೆ ಯಜಮಾನರು ತೀರ್ಮಾನ ಮಾಡಿಬಿಟ್ಟರು. ಇನ್ನು ಮುಂದೆ ನಂಬರನ್ನು ಮನುಷ್ಯರು ಹಾಕುವುದೇ ಬೇಡ, ಯಂತ್ರವೇ ಹಾಕಲಿ.

ಎಂಜಿನಿಯರು ಕೂತು ಏರ್ಪಾಡು ಮಾಡಿದ. ಏನು ತಿದ್ದಿದರೂ ಅದರ ಜೊತೆ ಒಂದು ಸಾಲು ವಿವರಣೆ ಬರೆಯಬೇಕು. ಆ ಸಾಲಿನ ಮೊದಲ ಪದ ನೋಡಿ ಯಂತ್ರ ತಾನೇ ನಂಬರು ಏರಿಸುತ್ತೆ. 'ಫಿಕ್ಸ್' ಅಂತಿದ್ದರೆ ಸಣ್ಣ ರಿಪೇರಿ, ಕೊನೆಯ ಅಂಕಿ ಏರುತ್ತೆ. 'ಫೀಚರ್' ಅಂತಿದ್ದರೆ ಹೊಸ ಸೌಕರ್ಯ, ನಡುವಿನ ಅಂಕಿ ಏರುತ್ತೆ. 'ಬ್ರೇಕಿಂಗ್' ಅಂತಿದ್ದರೆ ಹಳೆಯದನ್ನೆಲ್ಲ ಮುರಿದು ಕಟ್ಟಿದ್ದೇವೆ ಅಂತ ಅರ್ಥ, ಮೊದಲ ಅಂಕಿಯೇ ಏರುತ್ತೆ. ನಂಬರು ಬಿದ್ದ ಕೂಡಲೇ ಎಲ್ಲ ಗಿರಾಕಿಗಳ ಮೊಬೈಲಿಗೂ ಮೆಸೇಜು ಹೋಗುತ್ತೆ. ನಾವು ಯಾರೂ ಏನೂ ಮುಟ್ಟುವ ಹಾಗಿಲ್ಲ.

ಯಜಮಾನರಿಗೂ ಒಂದು ಕೆಲಸ ಕಲಿಸಿಕೊಟ್ಟಿದ್ದೆವು. ಚೀಟಿಯ ಕೆಳಗೆ ಬರುವ ಒಂದು ಸಾಲನ್ನು ಅವರೇ ಬದಲಾಯಿಸಬಹುದು. ದಸರಾ ಹತ್ತಿರ ಬಂದಾಗ ಅವರು ಅಲ್ಲಿ ಹಬ್ಬದ ಶುಭಾಶಯ ಹಾಕಿ, ವಿವರಣೆಯ ಜಾಗದಲ್ಲಿ 'ಬ್ರೇಕಿಂಗ್: ದಸರಾ ಶುಭಾಶಯ' ಅಂತ ಬರೆದು, ಊಟಕ್ಕೆ ಮನೆಗೆ ಹೋದರು.

2.8 ಇದ್ದದ್ದು ಒಂದೇ ಏಟಿಗೆ 3.0 ಆಯಿತು. ಎಲ್ಲರಿಗೂ ಮೆಸೇಜು ಹೋಯಿತು. "ನಿಮ್ಮ ಸಾಫ್ಟ್‌ವೇರ್ 3.0 ಆಗಿದೆ. ಭಾರೀ ಬದಲಾವಣೆ ಇದೆ. ಹಾಕಿಕೊಳ್ಳುವ ಮೊದಲು ನಿಮ್ಮ ಹಳೆಯ ಮಾಹಿತಿಯನ್ನೆಲ್ಲ ಸುರಕ್ಷಿತವಾಗಿ ಬೇರೆ ಕಡೆ ಇಟ್ಟುಕೊಳ್ಳಿ."

ಫೋನುಗಳು ಶುರುವಾದವು. ಹೊಳಲ್ಕೆರೆಯ ರೈಸ್ ಮಿಲ್ಲಿನವರಂತೂ ಲೋಡು ಮಾಡುತ್ತಿದ್ದ ಲಾರಿಯನ್ನು ಅರ್ಧಕ್ಕೇ ನಿಲ್ಲಿಸಿಕೊಂಡು ಕೂತಿದ್ದರು. ನಾನು ಯಜಮಾನರಿಗೆ ಫೋನು ಮಾಡಿ, "ಸಾರ್, ಬ್ರೇಕಿಂಗ್ ಅಂತ ಯಾಕೆ ಬರೆದ್ರಿ?" ಅಂತ ಕೇಳಿದೆ.

"ಹಬ್ಬದ ವಿಷಯ ಅಲ್ವೇನಮ್ಮ? ಟಿವಿಯಾಗೆ ಮುಖ್ಯವಾದದ್ದಕ್ಕೆಲ್ಲ ಬ್ರೇಕಿಂಗ್ ಅಂತಾನೇ ಹಾಕ್ತಾರಲ್ಲ. ಕೆಂಪು ಬಣ್ಣದಾಗೆ ಬರುತ್ತೇನೋ ಅಂದ್ಕಂಡೆ."

ರೈಸ್ ಮಿಲ್ಲಿನವರಿಗೆ ಫೋನು ಮಾಡಿ ಎಲ್ಲ ಬಿಡಿಸಿ ಹೇಳಿದೆ. ಅವರು ಕೇಳಿದರು.

"ಅಂದ್ರೆ ಈ ಭಾರೀ ಬದಲಾವಣೇಲಿ ಹಬ್ಬದ ಶುಭಾಶಯ ಬಿಟ್ರೆ ಬೇರೆ ಏನೂ ಇಲ್ವಾ?"

"ಇಲ್ಲ ಸಾರ್."

"ಹಂಗಾದ್ರೆ ನಿಮ್ಮ ಯಜಮಾನ್ರು ಸರಿಯಾಗೇ ಬರ್ದಾರೆ ಬಿಡ್ರಿ. ಟಿವಿಯಾಗೂ ಹಂಗೇಯ. ಬ್ರೇಕಿಂಗ್ ಬ್ರೇಕಿಂಗ್ ಅಂತ ಅರ್ಧ ಗಂಟೆ ಬಡ್ಕಂತಾರೆ, ಒಳಗೆ ಏನೂ ಇರಲ್ಲ."

ಹಿರಿಯೂರಿನ ಕಿರಿಕಿರಿ ಮನುಷ್ಯ

ಹೊಸ ನಂಬರಿನ ಜೊತೆ ಏನೇನು ಬದಲಾಗಿದೆ ಅಂತ ಗಿರಾಕಿಗಳಿಗೆ ನಾನು ಕೂತು ಬರೆಯಬೇಕಿತ್ತು. ಅಕ್ಕನಿಗೆ ಯಾಕೆ ಸುಮ್ಮನೆ ತೊಂದರೆ ಅಂತ ಎಂಜಿನಿಯರು ಅದನ್ನೂ ಯಂತ್ರಕ್ಕೇ ವಹಿಸಿದ. ತಾನು ಕೋಡಿನ ಜೊತೆ ಬರೆಯುವ ಆ ಒಂದು ಸಾಲು ವಿವರಣೆಯೇ ನೇರ ಮೆಸೇಜಿಗೆ ಸೇರಿಕೊಳ್ಳುವ ಹಾಗೆ ಮಾಡಿದ. ಹಾಗೆ ಮಾಡಿದ್ದನ್ನು ಮೂರನೇ ದಿನಕ್ಕೆ ಅವನೇ ಮರೆತ.

ಹಿರಿಯೂರಿನಲ್ಲಿ ನಮ್ಮ ಗಿರಾಕಿಯೊಬ್ಬರಿದ್ದಾರೆ, ಕಾಳಿನ ವ್ಯಾಪಾರಿ. ಚೀಟಿಯಲ್ಲಿ ಹೆಸರಿನ ಕೆಳಗೆ ಒಂದು ಗೆರೆ ಬರುತ್ತೆ. ಆ ಗೆರೆ ದಪ್ಪ ಆಗಬೇಕು ಅಂದರು. ಮಾಡಿಕೊಟ್ಟೆವು. ತುಂಬಾ ದಪ್ಪ ಆಯಿತು, ತೆಳು ಮಾಡಿ ಅಂದರು. ಮಾಡಿದೆವು. ಯಾಕೋ ಮೊದಲು ಮಾಡಿದ ದಪ್ಪವೇ ಚೆನ್ನಾಗಿತ್ತು ಅಂದರು. ಎಂಜಿನಿಯರು ಹಲ್ಲು ಕಚ್ಚಿಕೊಂಡು ಅದನ್ನೂ ಮಾಡಿ, ವಿವರಣೆಯಲ್ಲಿ ಹೀಗೆ ಬರೆದು ಟೀ ಕುಡಿಯಲು ಇಳಿದುಹೋದ: 'ಫಿಕ್ಸ್: ಹಿರಿಯೂರಿನ ಕಿರಿಕಿರಿ ಮನುಷ್ಯ ಕೇಳಿದ ಗೆರೆ ಮತ್ತೆ ದಪ್ಪ ಮಾಡಿದ್ದು. ಇದೇ ಕೊನೆ.'

ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಅದು ಮೂರು ತಾಲ್ಲೂಕಿನ ಮೊಬೈಲು ತಲುಪಿತ್ತು.

ಮೊದಲ ಫೋನು ಹಿರಿಯೂರಿನ ಒಬ್ಬ ಹಳೇ ಗಿರಾಕಿಯದು. "ಮೇಡಂ, ಆ ಕಿರಿಕಿರಿ ಮನುಷ್ಯ ನಾನಲ್ಲ ತಾನೆ?" ಅಂತ ಮೆಲ್ಲಗೆ ಕೇಳಿದರು. ಅಲ್ಲ ಸಾರ್ ಅಂದೆ. ಎರಡನೆಯವರೂ ಅದನ್ನೇ ಕೇಳಿದರು. ಮೂರನೆಯವರು ಕೇಳಲೇ ಇಲ್ಲ, ಹೇಳಿದರು. "ಯಾರು ಅಂತ ನನಗೆ ಗೊತ್ತು ಬಿಡ್ರಿ. ನಮ್ಮ ಎದುರು ಅಂಗಡಿಯೋನು. ಅವನ ಹೆಂಡ್ತಿನೂ ಅದೇ ಮಾತು ಹೇಳ್ತಾಳೆ." ದನದ ಫೀಡ್ ಅಂಗಡಿ ನಡೆಸುವ ಹೆಂಗಸೊಬ್ಬರು, "ಮನುಷ್ಯ ಅಂತ ಹಾಕೀರಿ, ಹಂಗಾಗಿ ನಾನಂತೂ ಅಲ್ಲ. ಆದ್ರೂ ಯಾರು ಅಂತ ನನಗೊಬ್ಬಳಿಗೆ ಹೇಳ್ರಿ, ಬಾಯಿ ಬಿಡಲ್ಲ," ಅಂದರು.

ಸಂಜೆಯಾದರೂ ಆ ಕಾಳಿನ ವ್ಯಾಪಾರಿಯ ಫೋನು ಮಾತ್ರ ಬರಲಿಲ್ಲ. ಇನ್ನೇನು ಗಿರಾಕಿ ಕೈಬಿಟ್ಟ ಹಾಗೆಯೇ ಅಂತ ಯಜಮಾನರು ತಲೆ ಮೇಲೆ ಕೈಹೊತ್ತು ಕೂತರು. ಎಂಜಿನಿಯರು ಸಂಜೆ ಬಸ್ಸು ಬಿಟ್ಟು ಕಿಟಕಿ ಹತ್ತಿರ ನಿಂತಿದ್ದ. ಆಫೀಸು ಮುಚ್ಚುವ ಹೊತ್ತಿಗೆ ಫೋನು ಬಂತು. ನಾನು ದೇವರನ್ನು ನೆನೆದು ಎತ್ತಿದೆ.

"ಮೇಡಂ, ಗೆರೆ ದಪ್ಪ ಬಂತು. ನನಗೂ ಅದೇ ಬೇಕಾಗಿತ್ತು ನೋಡ್ರಿ. ಆ ಕಿರಿಕಿರಿ ಮನುಷ್ಯ ಯಾರೋ ಗೊತ್ತಿಲ್ಲ, ನನ್ನ ಕಡೆಯಿಂದ ಒಂದು ಥ್ಯಾಂಕ್ಸ್ ಹೇಳ್ಬಿಡ್ರಿ."

"ಹೇಳ್ತೀನಿ ಸಾರ್."

"ಹಂಗೇ, ಇನ್ನೊಂಚೂರು ದಪ್ಪ ಬೇಕು ಅಂತ ಅವ್ರ ಕೈಲೇ ಕೇಳ್ಸೋಕಾಗುತ್ತಾ? ನಾನು ಕೇಳಿದ್ರೆ ನಿಮ್ಮೋರು ಬೇಜಾರು ಮಾಡ್ಕಂತಾರೆ."

ಹತ್ತನೇ ಮನೆ

ಯಂತ್ರ ಒಂದೊಂದೇ ಏರಿಸುತ್ತಾ 3.9ಕ್ಕೆ ಬಂತು. ಆಮೇಲೆ ನಿಯಮದ ಪ್ರಕಾರ 3.10 ಹಾಕಿತು. ಅದನ್ನು ಹಾಕಿಕೊಡಲು ನಾನು ಹೊಸದುರ್ಗಕ್ಕೆ ಹೋದೆ, ಆ ಬೀಗರಲ್ಲಿ ಗಂಡಿನ ಕಡೆಯವರ ಮಂಡಿಗೆ.

ಅವರು ಕನ್ನಡಕ ಏರಿಸಿಕೊಂಡು ಸ್ಕ್ರೀನ್ ನೋಡಿದರು. "ತಂಗಿ, ಹೋದ ಸಲ ಮೂರು ಪಾಯಿಂಟ್ ಒಂಬತ್ತು ಕೊಟ್ಟಿದ್ರಿ. ಈಗ ಮೂರು ಪಾಯಿಂಟ್ ಹತ್ತು ತಂದೀರಿ. ಇಳಿಸಿದ್ರಲ್ಲ."

"ಏರಿಸೀವಿ ಯಜಮಾನ್ರೆ. ಒಂಬತ್ತಾದ ಮೇಲೆ ಹತ್ತು ತಾನೆ?"

"ಒಂಬತ್ತಾದ ಮೇಲೆ ಹತ್ತು ಸರಿ. ಪಾಯಿಂಟ್ ಆದ ಮೇಲಿನ ಹತ್ತು ಅಂದ್ರೆ ಒಂದೇಯ. ನಲವತ್ತು ವರ್ಷದಿಂದ ಕೊಬ್ಬರಿ ತೂಗ್ತಾ ಇದೀನಿ. ಮೂರು ಪಾಯಿಂಟ್ ಒಂಬತ್ತು ಅಂದ್ರೆ ನಾಲ್ಕರ ಹತ್ರ ಬಂದೈತೆ. ಮೂರು ಪಾಯಿಂಟ್ ಹತ್ತು ಅಂದ್ರೆ ಇನ್ನಾ ಮೂರರ ಹೊಸಲು ದಾಟಿಲ್ಲ. ಯಾರೋ ಬಿಟ್ಟ ಹಳೇದನ್ನ ತಂದು ನಮಗೆ ಹಾಕ್ತೀರಾ?"

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಮ್ಮ ಲೆಕ್ಕದಲ್ಲೂ ತಪ್ಪಿರಲಿಲ್ಲ. ನಾನು ಬಿಸಿಲಲ್ಲಿ ಬಸ್ಸು ಇಳಿದು ಬಂದು ಸುಸ್ತಾಗಿದ್ದೆ. ಮಂಡಿಯಲ್ಲಿ ಕೊಟ್ಟ ಮಜ್ಜಿಗೆ ಕುಡಿದು, ನಿಧಾನಕ್ಕೆ ತಿಳಿಸಿ ಹೇಳಿದೆ.

"ಯಜಮಾನ್ರೆ, ಇದು ತೂಕದ ಪಾಯಿಂಟ್ ಅಲ್ಲ. ಬರೀ ಒಂದು ಚುಕ್ಕಿ. ಮೂರನೇ ಬೀದಿ ಒಂಬತ್ತನೇ ಮನೆ, ಮೂರನೇ ಬೀದಿ ಹತ್ತನೇ ಮನೆ ಅಂತೀವಲ್ಲ, ಹಂಗೆ. ಒಂಬತ್ತನೇ ಮನೆ ಆದ ಮೇಲೆ ಹತ್ತನೇ ಮನೆ ಬರ್ಬೇಕು."

"ಹಂಗೆ ಹೇಳ್ರಿ ಮತ್ತೆ," ಅಂತ ಅವರ ಮುಖ ಅರಳಿತು. "ಮನೆ ನಂಬರು ಅನ್ರಿ. ಹಾಕ್ರಿ, ಹಾಕ್ರಿ."

ನಾನು ಹಾಕಿದೆ. ಕೆಲಸ ಮುಗಿಯಿತು ಅಂತ ಬ್ಯಾಗು ಹೆಗಲಿಗೇರಿಸುವಾಗ, ಅಲ್ಲೇ ಮೂಟೆ ಮೇಲೆ ಕೂತು ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದ ರೈತರೊಬ್ಬರ ಸರದಿ ಬಂತು. ಕೊಬ್ಬರಿ ತೂಗಿ ಮಂಡಿಯ ಯಜಮಾನರು, "ಮೂರು ಪಾಯಿಂಟ್ ಹತ್ತು ಕ್ವಿಂಟಾಲ್" ಅಂತ ಕೂಗಿದರು.

"ಯಜಮಾನ್ರೆ," ಅಂದರು ರೈತರು, "ನನ್ನ ಮುಂದೆ ತೂಗ್ಸಿದ ನಮ್ಮೂರೋನಿಗೆ ಎಷ್ಟು ಬಂತು?"

"ಮೂರು ಪಾಯಿಂಟ್ ಒಂಬತ್ತು."

"ಹಂಗಾದ್ರೆ ನಂದೇ ಜಾಸ್ತಿ."

"ನಿಂದು ಹೆಂಗಪ್ಪ ಜಾಸ್ತಿ?"

"ಅವ್ನು ಒಂಬತ್ತನೇ ಮನೆ, ನಾನು ಹತ್ತನೇ ಮನೆ. ಆ ಅಮ್ಮ ಈಗ ತಾನೇ ಹೇಳಿದ್ರಲ್ಲ, ಅದು ಪಾಯಿಂಟಲ್ಲ, ಬರೀ ಚುಕ್ಕಿ ಅಂತ. ನೀವೂ ಹೂಂ ಅಂದ್ರಿ."

ಮಂಡಿಯ ಯಜಮಾನರು ಅವರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಆಮೇಲೆ ಬಹಳ ಶಾಂತವಾಗಿ ಹೇಳಿದರು.

"ತಂಗಿ, ನಿಮ್ಮ ಹತ್ತನೇ ಮನೆ ವಾಪಸ್ ತಗಂಡೋಗ್ರಿ. ನನಗೆ ಒಂಬತ್ತನೇ ಮನೆಯೇ ಸಾಕು."

ಓಲೆ

ನಮ್ಮ ಆಫೀಸಿನ ಯಜಮಾನರ ತಂದೆ ಹಿರಿಯೂರು ತಾಲ್ಲೂಕಿನ ಹಳ್ಳಿಯಲ್ಲಿ ಕುರಿ, ದನ ಇಟ್ಟುಕೊಂಡಿದ್ದಾರೆ. ದುರ್ಗಕ್ಕೆ ಏನಾದರೂ ಕೆಲಸದ ಮೇಲೆ ಬಂದರೆ ಬಸ್ಸಿನ ಹೊತ್ತಾಗುವ ತನಕ ನಮ್ಮ ಆಫೀಸಿನ ಬೆಂಚಿನ ಮೇಲೆ ಕೂತಿರುತ್ತಾರೆ. ಟ್ಯಾಗ್ ಅಂದರೆ ಅವರಿಗೆ ಚೆನ್ನಾಗಿ ಗೊತ್ತು. ಪಶು ಆಸ್ಪತ್ರೆಯವರು ಬಂದು ದನದ ಕಿವಿಗೆ ನಂಬರು ಬರೆದ ಹಳದಿ ಓಲೆ ಚುಚ್ಚಿಹೋಗುತ್ತಾರಲ್ಲ, ಅದೇ.

ಒಂದು ದಿನ ಎಂಜಿನಿಯರು ಏನೋ ಅಳಿಸಲು ಹೋಗಿ ಒಂದು ಟ್ಯಾಗನ್ನೇ ಅಳಿಸಿಬಿಟ್ಟ. ಅದು ಇಲ್ಲದೆ ಯಂತ್ರ ಮುಂದಿನ ನಂಬರು ಹಾಕಲು ಒಪ್ಪಲಿಲ್ಲ. "ಅಕ್ಕ, ಟ್ಯಾಗ್ ಎಲ್ಲೋ ಬಿದ್ದೋಗೈತೆ. ಹೊಸದು ಹಾಕ್ಬೇಕು," ಅಂತ ಅವನು ಗೊಣಗಿದ್ದು ತಾತನ ಕಿವಿಗೆ ಬಿತ್ತು.

"ಬೇಲಿ ಹತ್ರ ನೋಡಿದ್ಯೇನಪ್ಪ?" ಅಂದರು ತಾತ.

ಸ್ಕ್ರೀನಿನಿಂದ ಕಣ್ಣು ತೆಗೆಯದೆ ಅವನು, "ಎಲ್ಲಾ ಕಡೆ ನೋಡ್ದೆ ತಾತ," ಅಂದ.

"ಕಿವಿ ಹರ್ದಿಲ್ಲ ತಾನೆ?"

ಅವನು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಿದ್ದ. ತಾತ ಅದರ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡ. "ಇಲ್ಲ ತಾತ, ಕಿವಿಗೇನೂ ಆಗಿಲ್ಲ."

ತಾತ ಎದ್ದು, ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಕೆಳಗಿಳಿದರು. ಬಸ್ಸಿಗೆ ಹೋದರು ಅಂದುಕೊಂಡು ನಾವು ಕೆಲಸದಲ್ಲಿ ಮುಳುಗಿದೆವು. ಸ್ವಲ್ಪ ಹೊತ್ತಿಗೆ ತಾತ ವಾಪಸು ಬಂದರು. ಅವರ ಹಿಂದೆ ಏದುಸಿರು ಬಿಡುತ್ತಾ ಇನ್ನೊಬ್ಬರು ಮೆಟ್ಟಿಲು ಹತ್ತಿ ಬಂದರು. ಅವರ ಕೈಯಲ್ಲಿ ಒಂದು ಚೀಲ, ಚೀಲದಿಂದ ಹೊರಗೆ ಇಣುಕುತ್ತಿದ್ದ ಇಕ್ಕಳದಂಥ ಒಂದು ಸಾಮಾನು. ಪಶು ಆಸ್ಪತ್ರೆಯಲ್ಲಿ ಓಲೆ ಹಾಕುವವರು, ತಾತನಿಗೆ ಪರಿಚಯದವರು.

"ಎಲ್ಲೈತ್ರಿ?" ಅಂತ ನನ್ನ ಕೇಳಿದರು.

"ಏನು ಸಾರ್?"

"ದನ. ಈ ಮೆಟ್ಟಿಲು ಹೆಂಗೆ ಹತ್ಸಿದ್ರಿ ಅದನ್ನ?"

"ಇದು ಸಾಫ್ಟ್‌ವೇರ್ ಆಫೀಸು ಸಾರ್. ಇಲ್ಲಿ ದನ ಇಲ್ಲ."

"ಟ್ಯಾಗ್ ಬಿದ್ದೋಗೈತೆ ಅಂದ್ರು ಈ ತಾತ."

ಅಷ್ಟರಲ್ಲಿ ಎಂಜಿನಿಯರು ತಿರುಗಿಯೂ ನೋಡದೆ ಅಲ್ಲಿಂದಲೇ ಹೇಳಿದ. "ಹೌದು ಸಾರ್, ಬಿದ್ದೋಗಿತ್ತು. ಈಗ ತಾನೇ ಹಾಕ್ದೆ."

ಬಂದವರು ಕುರ್ಚಿ, ಮೇಜು, ಪ್ರಿಂಟರು ಎಲ್ಲವನ್ನೂ ಒಂದು ಸುತ್ತು ನೋಡಿದರು. ಆಮೇಲೆ ಚೀಲ ಕೆಳಗಿಟ್ಟು, ನಮ್ಮ ಎಂಜಿನಿಯರ ಬೆನ್ನನ್ನೇ ನೋಡುತ್ತಾ, ಮೆಚ್ಚುಗೆಯಿಂದ ಕೇಳಿದರು.

"ಹಿಡ್ಕಳೋರು ಯಾರೂ ಇಲ್ದೆ, ಕುಂತಲ್ಲೇ, ಒಬ್ರೇ ಹಾಕಿದ್ರಾ?"

ಭಟ್ಟರು

ಮೆಸೇಜಿನ ಕೊನೆಗೆ ಕಳಿಸಿದವರ ಹೆಸರು ಇದ್ದರೆ ಚೆನ್ನ ಅಂತ ಎಂಜಿನಿಯರು ಒಂದು ದಿನ 'ರಿಲೀಸ್ ಬಾಟ್' ಅಂತ ಸೇರಿಸಿದ. ಬಾಟ್ ಅಂದರೆ ತಾನಾಗೇ ಕೆಲಸ ಮಾಡುವ ಪ್ರೋಗ್ರಾಮು. ನಮ್ಮಂಥವರಿಗೆ ಅದು ಗೊತ್ತು. ಮತ್ತೋಡು ಕಡೆಯ ಒಂದು ಹಾಲಿನ ಡೈರಿಯ ಕಾರ್ಯದರ್ಶಿಗಳಿಗೆ ಗೊತ್ತಿರಲಿಲ್ಲ. ಟೈಪು ಮಾಡುವಾಗ ಪಾಪ ಮಹಾಪ್ರಾಣ ಬಿಟ್ಟುಹೋಗಿ ದೀರ್ಘ ಸೇರಿಕೊಂಡಿದೆ ಅಂತ ಅವರು ತಿಳಿದರು.

"ಮೇಡಂ, ಭಟ್ರಿಗೆ ಒಂದು ಮಾತು ಹೇಳ್ಬೇಕಿತ್ತು. ಅಕ್ಷರ ದೊಡ್ಡದು ಮಾಡಿದ್ದು ಭಾಳ ಅನುಕೂಲ ಆತು," ಅಂತ ಫೋನು ಮಾಡಿದರು.

"ಯಾವ ಭಟ್ರು ಸಾರ್?"

"ರಿಲೀಸ್ ಭಟ್ರು."

ನಾನು ನಗು ತಡೆದುಕೊಂಡು, "ಅದು ಮನುಷ್ಯ ಅಲ್ಲ ಸಾರ್, ಯಂತ್ರ," ಅಂದೆ.

"ನಾವೂ ಅದನ್ನೇ ಮಾತಾಡ್ಕಂತೀವಿ. ಹಬ್ಬ ಇಲ್ಲ, ಭಾನುವಾರ ಇಲ್ಲ, ಯಂತ್ರ ದುಡ್ದಂಗೆ ದುಡೀತಾರೆ."

"ಹಂಗಲ್ಲ ಸಾರ್. ಅದಕ್ಕೆ ಪ್ರಾಣ ಇಲ್ಲ."

ಆ ಕಡೆಯಿಂದ ನಡುಗುವ ದನಿಯಲ್ಲಿ, "ಅಯ್ಯೋ ಶಿವನೆ, ಯಾವಾಗ ಹೋದ್ರು? ಬೆಳಿಗ್ಗೆ ಇನ್ನಾ ಮೆಸೇಜ್ ಬಂದಿತ್ತಲ್ಲಮ್ಮ," ಅಂದರು. ಅವರು ಅತ್ತೇಬಿಡುತ್ತಾರೇನೋ ಅನ್ನಿಸಿ ನನ್ನ ಬಾಯಿಂದ ಬಂದುಬಿಟ್ಟಿತು. "ಇಲ್ಲ ಸಾರ್, ಚೆನ್ನಾಗಿದಾರೆ."

ಹಾಗೆ ಭಟ್ಟರು ಉಳಿದುಕೊಂಡರು. ಯಜಮಾನರು, "ಬಿಡಮ್ಮ, ಒಂದು ಹೆಸರಿನಿಂದ ಏನಾಗುತ್ತೆ," ಅಂದರು.

ಆದದ್ದು ಇಷ್ಟು. ಆ ಡೈರಿಯ ವಾರ್ಷಿಕ ಸಭೆಯ ಆಹ್ವಾನ ಬಂತು. ಹಗಲಿರುಳು ದುಡಿಯುವ ಶ್ರೀ ರಿಲೀಸ್ ಭಟ್ ಅವರಿಗೆ ಸನ್ಮಾನ ಅಂತ ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು. ಸುತ್ತಲಿನ ಹಳ್ಳಿಗಳ ಡೈರಿಯವರೆಲ್ಲ ಬರುತ್ತಾರೆ, ಅವರೂ ನಿಮ್ಮದೇ ಸಾಫ್ಟ್‌ವೇರ್ ತಗೊಳ್ಳುವ ಯೋಚನೆಯಲ್ಲಿದ್ದಾರೆ ಅಂತ ಕಾರ್ಯದರ್ಶಿಗಳು ಫೋನಿನಲ್ಲೂ ಹೇಳಿದರು. ಅದಕ್ಕಾಗಿ ಯಜಮಾನರು ಎಷ್ಟೋ ಕಾಲದಿಂದ ಚಪ್ಪಲಿ ಸವೆಸಿದ್ದರು. ಈಗ ಭಟ್ಟರೇ ಇಲ್ಲ ಅಂದರೆ ಅಷ್ಟೂ ಡೈರಿ ಕೈತಪ್ಪುವುದು ಖಂಡಿತ. ಅವರು ಎಂಜಿನಿಯರ ಕಡೆ ತಿರುಗಿದರು.

"ನೀನೇ ಹೋಗಪ್ಪ. ಅದನ್ನ ಹುಟ್ಸಿದೋನು ನೀನೇ ತಾನೆ? ಮಗಂಗೆ ಆಗೋ ಸನ್ಮಾನ ಅಪ್ಪ ತಗಂಡ್ರೆ ತಪ್ಪೇನು?"

"ಸಾರ್, ನನಗೆ ಸುಳ್ಳು ಹೇಳೋಕೆ ಬರಲ್ಲ. ವೇದಿಕೆ ಮೇಲೆ ನಿಜ ಹೇಳ್ಬಿಡ್ತೀನಿ."

"ಹೇಳು. ಬ್ಯಾಡ ಅಂದೋರು ಯಾರು?" ಅಂದರು ಯಜಮಾನರು. ಅವರ ಮುಖ ಮಾತ್ರ ಬೇಡ ಅನ್ನುತ್ತಿತ್ತು.

ಭಾನುವಾರ ಮೂವರೂ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಎಂಜಿನಿಯರು ಏನು ಹೇಳಬೇಕು ಅಂತ ತುಟಿ ಅಲ್ಲಾಡಿಸುತ್ತಾ ಕೂತಿದ್ದ. ಡೈರಿಯ ಅಧ್ಯಕ್ಷರ ತೋಟದಲ್ಲಿ ಪೆಂಡಾಲು ಹಾಕಿದ್ದರು. ಕಾರಿಳಿದಾಗ ಮಾತ್ರ ಅವನ ಮುಖಕ್ಕೆ ಸ್ವಲ್ಪ ಕಳೆ ಬಂತು. ಪೆಂಡಾಲಿನ ಹಿಂದೆ ದೊಡ್ಡ ದೊಡ್ಡ ಹಂಡೆಗಳಲ್ಲಿ ಮಟನ್ ಸಾರು ಕುದಿಯುತ್ತಿತ್ತು. ಅಧ್ಯಕ್ಷರು ಎಲ್ಲರಿಗೂ ಬಾಡೂಟ ಹಾಕಿಸಿದ್ದರು. ನಮ್ಮ ಎಂಜಿನಿಯರು ವಾರಕ್ಕೆರಡು ಸಲ ಮಟನ್ ಇಲ್ಲದಿದ್ದರೆ ಬಾಡಿಹೋಗುವ ಮನುಷ್ಯ. "ಅಕ್ಕ, ಇದೊಂದಕ್ಕೋಸ್ಕರ ಏನು ಬೇಕಾದ್ರೂ ತಡ್ಕಂತೀನಿ," ಅಂದ.

ವೇದಿಕೆ ಮೇಲೆ ಅವನಿಗೆ ಪೇಟ ಇಟ್ಟರು, ಶಾಲು ಹೊದಿಸಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಇನ್ನೊಂದು ಕೈಗೆ ಮೈಕು ಬಂತು. ಅವನು ಗಂಟಲು ಸರಿಮಾಡಿಕೊಂಡು ಶುರುಮಾಡಿದ.

"ಎಲ್ರಿಗೂ ನಮಸ್ಕಾರ. ನಾನು ನಿಜ ಹೇಳ್ಬೇಕು. ಈ ಸನ್ಮಾನ ನನಗೆ ಸೇರ್ಬೇಕಾದ್ದಲ್ಲ. ನಾನು ಏನೂ ಮಾಡಲ್ಲ. ಸುಮ್ನೆ ಕುಂತಿರ್ತೀನಿ. ಎಲ್ಲಾ ಅದೇ ಮಾಡುತ್ತೆ, ಅದೇ ನಡೆಸುತ್ತೆ."

ಯಜಮಾನರು ಕಣ್ಣು ಮುಚ್ಚಿಕೊಂಡರು. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ಕೈಮುಗಿದರು. "ಎಂಥಾ ಮಾತು ಹೇಳಿದ್ರಿ ಭಟ್ರೆ. ಮಾಡ್ಸೋನು ಮೇಲಿದಾನೆ, ನಾವು ನೆಪ ಅಷ್ಟೇ. ಇಷ್ಟು ಸಣ್ಣ ವಯಸ್ಸಿಗೆ ಇದು ತಿಳೀಬೇಕಲ್ಲ." ಜನ ಚಪ್ಪಾಳೆ ತಟ್ಟಿದರು.

ಅವನು ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಮಧ್ಯಾಹ್ನ ಹನ್ನೆರಡಾಯಿತು. ಬೆಳಗಿನ ಹಾಲು ಮುಗಿದು ಸಂಜೆಯ ಹಾಲು ಬರುವ ಮುಂಚೆ ಡೈರಿಯವರು ಬಿಡುವಾಗಿರುತ್ತಾರೆ ಅಂತ ವಾರದ ತಿದ್ದುಪಡಿಗಳನ್ನೆಲ್ಲ ಒಟ್ಟಿಗೆ ಕಳಿಸಲು ಯಂತ್ರಕ್ಕೆ ಈಚೆಗೆ ಭಾನುವಾರ ಹನ್ನೆರಡು ಗಂಟೆಯ ಹೊತ್ತು ಗೊತ್ತು ಮಾಡಿದ್ದವನು ಅವನೇ. ಪೆಂಡಾಲಿನ ತುಂಬಾ ನಮ್ಮ ಗಿರಾಕಿಗಳ ಮೊಬೈಲುಗಳೆಲ್ಲ ಒಟ್ಟಿಗೇ ಕೂಗಿದವು. ಕಾರ್ಯದರ್ಶಿಗಳು ತಮ್ಮ ಮೊಬೈಲು ತೆಗೆದು ಜೋರಾಗಿ ಓದಿದರು. "ನಿಮ್ಮ ಸಾಫ್ಟ್‌ವೇರ್ 3.14 ಆಗಿದೆ. ಇಂತಿ, ರಿಲೀಸ್ ಬಾಟ್."

ಕಾರ್ಯದರ್ಶಿಗಳು ಮೊಬೈಲು ನೋಡಿದರು. ಆಮೇಲೆ ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಮೈಕು ಹಿಡಿದು ನಿಂತಿದ್ದ ನಮ್ಮ ಎಂಜಿನಿಯರನ್ನು ನೋಡಿದರು. ಮುಗಿಯಿತು, ಇನ್ನು ಕಾರು ಎಲ್ಲಿ ನಿಲ್ಲಿಸಿದ್ದೇವೆ ಅಂತ ನೋಡಿಕೊಳ್ಳುವುದೊಂದೇ ಬಾಕಿ ಅಂತ ನಾನು ಸೆರಗು ಸಿಕ್ಕಿಸಿಕೊಂಡೆ. ಕಾರ್ಯದರ್ಶಿಗಳು ಮೈಕು ಈಸಿಕೊಂಡರು.

"ನೋಡ್ರಿ. ಕಣ್ಣಾರೆ ನೋಡ್ರಿ. ಮೈಮೇಲೆ ಶಾಲು, ತಲೆ ಮೇಲೆ ಪೇಟ, ಎರಡು ಕೈಯೂ ಖಾಲಿ ಇಲ್ಲ. ಆದ್ರೂ ಕೆಲಸ ನಿಲ್ಸಿಲ್ಲ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಕ್ಕಪಕ್ಕದ ಡೈರಿಯವರು ವೇದಿಕೆ ಹತ್ತಿರವೇ ಯಜಮಾನರನ್ನು ಸುತ್ತಿಕೊಂಡು, ನಮಗೂ ಇದೇ ಬೇಕು, ಭಟ್ಟರೇ ನೋಡಿಕೊಳ್ಳಬೇಕು ಅಂದರು.

ಊಟಕ್ಕೆ ಎಬ್ಬಿಸಿದರು. ಮುದ್ದೆ, ಮಟನ್ ಸಾರಿನ ಘಮಲು. ಎಂಜಿನಿಯರು ಎಲ್ಲ ಮರೆತು ಪಂಕ್ತಿಯಲ್ಲಿ ಮೊದಲೇ ಜಾಗ ಹಿಡಿದಿದ್ದ. ಕಾರ್ಯದರ್ಶಿಗಳು ಓಡಿ ಬಂದು ಅವನ ಕೈಹಿಡಿದರು.

"ಭಟ್ರೆ, ಇಲ್ಲಿ ಕುಂತ್ಕಬ್ಯಾಡ್ರಿ, ಏಳ್ರಿ. ನಿಮಗೆ ಅಂತ ಒಳಗೆ ಬೇರೆ ಮಾಡ್ಸೀವಿ. ಈರುಳ್ಳಿ ಬೆಳ್ಳುಳ್ಳಿ ಸುಳಿದಿಲ್ಲ."

ಒಳಕೋಣೆಯಲ್ಲಿ ಬಾಳೆ ಎಲೆ ಹಾಕಿ ಅನ್ನ, ತೊವ್ವೆ, ಕೋಸಂಬರಿ ಬಡಿಸಿದ್ದರು. ಪಕ್ಕದಲ್ಲಿ ಒಬ್ಬರು ಬೀಸಣಿಗೆ ಹಿಡಿದು ಗಾಳಿ ಬೀಸುತ್ತಿದ್ದರು. ಕಿಟಕಿಯಿಂದ ಅವನಿಗೆ ನಮ್ಮ ಪಂಕ್ತಿ ಪೂರ್ತಿ ಕಾಣುತ್ತಿತ್ತು. ಅವನ ಸ್ಥಿತಿ ನೋಡಿ ನಮಗೆ ಗಂಟಲಲ್ಲಿ ತುತ್ತು ಇಳಿಯಲಿಲ್ಲ ಅಂತ ಬರೆದರೆ ಸುಳ್ಳಾಗುತ್ತೆ. ಚೆನ್ನಾಗೇ ಇಳಿಯಿತು. ಯಜಮಾನರು ಎರಡು ಸಲ ಸಾರು ಹಾಕಿಸಿಕೊಂಡರು.

ವಾಪಸು ಬರುವಾಗ ಯಜಮಾನರು ಹೊಸ ಡೈರಿಗಳ ಖುಷಿಯಲ್ಲಿ ಮಾತಾಡುತ್ತಲೇ ಇದ್ದರು. ಹಿಂದಿನ ಸೀಟಿನಲ್ಲಿ ಎಂಜಿನಿಯರು ಹಣ್ಣಿನ ಬುಟ್ಟಿ ತೊಡೆ ಮೇಲಿಟ್ಟುಕೊಂಡು ಕಲ್ಲಿನಂತೆ ಕೂತಿದ್ದ. ಹೊಳಲ್ಕೆರೆ ಬಂತು. ಇಳಿದು, ಕಾರಿನ ಬಾಗಿಲು ಹಿಡಿದುಕೊಂಡೇ ನಿಂತ.

"ಸಾರ್, ನಾಳೆ ಬಂದ ತಕ್ಷಣ ಅದರ ಹೆಸರು ಬದಲಾಯಿಸ್ತೀನಿ."

"ಯಾಕಪ್ಪ? ಇಷ್ಟು ಒಳ್ಳೇ ಹೆಸರು ತಂದೈತೆ. ಏನಂತ ಇಡ್ತೀಯ?"

"ರಿಲೀಸ್ ಕೆಂಚಪ್ಪ."